ತಂತಿಯಿಲ್ಲದ ಸೇತುವೆ

ವಿದ್ಯಾಸಂಸ್ಥೆಯೊಂದರ ಏಳಿಗೆಯನ್ನು ಕುರಿತು ಮಾತನಾಡುವಾಗ ಕಟ್ಟಡಗಳ ಲೆಕ್ಕ, ಕೊಠಡಿಗಳ ಲೆಕ್ಕ, ತೇರ್ಗಡೆಯಾದ ವಿದ್ಯಾರ್ಥಿಗಳ ಲೆಕ್ಕ ಮೊದಲು ಬರುವುದು ರೂಢಿ. ಇವೆಲ್ಲ ಬೇಕಾದುವೇ. ಆದರೆ ಶಾಲೆಗೆ ಇನ್ನೊಂದು ಅಳತೆಗೋಲೂ ಉಂಟು. ಅದರ ಅಂಗಳದಲ್ಲಿ ಕುಳಿತ ಮಗುವಿನಿಂದ ಜಗತ್ತಿನ ಜ್ಞಾನ ಎಷ್ಟು ದೂರದಲ್ಲಿದೆ ಎಂಬುದೇ ಆ ಅಳತೆ. ಪಟ್ಟಣದ ಮಗುವಿಗೆ ಗ್ರಂಥಾಲಯ ಎರಡು ಬೀದಿಗಳಾಚೆ ಇದ್ದರೆ, ಬೆಟ್ಟದ ಮಗುವಿಗೆ ಅದು ದಿನಗಟ್ಟಲೆಯ ದಾರಿ. ಬುದ್ಧಿಯಲ್ಲಿ ಸರಿಸಮಾನರಾದ ಇಬ್ಬರು ಮಕ್ಕಳನ್ನು ಈ ದೂರವೊಂದೇ ಅಸಮಾನರನ್ನಾಗಿ ಮಾಡಿಬಿಡುತ್ತದೆ. ಅದನ್ನು ಗೆಲ್ಲಲು ಹಿಮಾಲಯದ ಮಡಿಲಿನ ಹಳ್ಳಿಯೊಂದರ ಶಾಲೆ ಪಟ್ಟ ಪಾಡು, ಪಡೆದ ಫಲ, ಎರಡೂ ವಿದ್ಯಾಭಿಮಾನಿಗಳೆಲ್ಲರೂ ತಿಳಿಯತಕ್ಕವು.

ಪಶ್ಚಿಮ ನೇಪಾಳದ ಮ್ಯಾಗ್ದಿ ಜಿಲ್ಲೆಯಲ್ಲಿ, ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಮಿಕ್ಕ ಎತ್ತರದಲ್ಲಿ ನಾಂಗಿ ಎಂಬ ಊರಿದೆ. ಅಲ್ಲಿಯವರು ಬಹುಮಟ್ಟಿಗೆ ಮಗರ್ ಜನಾಂಗಕ್ಕೆ ಸೇರಿದವರು. ಇಳಿಜಾರಿನ ಮೆಟ್ಟಿಲು ಹೊಲಗಳಲ್ಲಿ ಬೇಸಾಯ, ದನಕುರಿಗಳ ಸಾಕಣೆ, ಇಲ್ಲವೆ ಗೂರ್ಖಾ ಪಡೆಗಳಲ್ಲಿ ಸೈನಿಕವೃತ್ತಿ, ಇವೇ ಅವರ ಜೀವನೋಪಾಯಗಳಾಗಿದ್ದವು. ಈ ಊರಿನಲ್ಲಿ 1955ರಲ್ಲಿ ಜನಿಸಿದ ಮಹಾಬೀರ್ ಪುನ್ ಅವರು ಬಾಲ್ಯದಲ್ಲಿ ದನ ಕಾಯುತ್ತ, ಕುರಿ ಮೇಯಿಸುತ್ತ ಊರಿನ ಶಾಲೆಗೆ ಹೋದವರು. ಆ ಶಾಲೆಯಲ್ಲಿ ಕಾಗದವಿರಲಿಲ್ಲ, ಪೆನ್ಸಿಲ್ ಇರಲಿಲ್ಲ, ಪಠ್ಯಪುಸ್ತಕಗಳಿರಲಿಲ್ಲ. ತರಬೇತಿ ಪಡೆದ ಉಪಾಧ್ಯಾಯರೂ ಇರಲಿಲ್ಲ. ಮುಂದೆ ಅವರ ಕುಟುಂಬ ದಕ್ಷಿಣದ ಬಯಲುಸೀಮೆಗೆ ಇಳಿದು ನೆಲೆಸಿತು. ಅಲ್ಲಿ ಓದು ಮುಗಿಸಿ, ಸುಮಾರು ಹನ್ನೆರಡು ವರ್ಷ ಅಧ್ಯಾಪಕರಾಗಿ ದುಡಿದು, ಒಡಹುಟ್ಟಿದವರ ವಿದ್ಯಾಭ್ಯಾಸಕ್ಕೆ ಆಸರೆಯಾಗಿ ನಿಂತರು. ಅನಂತರ ವಿದ್ಯಾರ್ಥಿವೇತನ ಪಡೆದು ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಕಾರ್ನಿ ಆವರಣದಲ್ಲಿ ವ್ಯಾಸಂಗ ಮಾಡಿ 1992ರಲ್ಲಿ ಪದವಿ ಗಳಿಸಿದರು.

ಪದವಿ ಪಡೆದ ವ್ಯಕ್ತಿ ನಗರದಲ್ಲಿ ನೆಲೆ ಕಂಡುಕೊಳ್ಳುವುದು ಲೋಕದ ರೀತಿ. ಪುನ್ ಅವರು ಎರಡು ದಶಕಗಳಿಗೂ ಹಿಂದೆ ಬಿಟ್ಟ ಊರಿಗೆ ಮರಳಿದರು. ಊರವರ ಶ್ರಮ, ಸಹಕಾರಗಳಿಂದ 1993ರಲ್ಲಿ ಹಿಮಾಂಚಲ್ ಪ್ರೌಢಶಾಲೆ ರೂಪುಗೊಂಡಿತು. 1997ರಲ್ಲಿ ಆಸ್ಟ್ರೇಲಿಯದ ವಿದ್ಯಾರ್ಥಿಗಳು ತಾವು ಬಳಸಿಬಿಟ್ಟ ಕೆಲವು ಗಣಕಯಂತ್ರಗಳನ್ನು ಈ ಶಾಲೆಗೆ ಕಾಣಿಕೆಯಾಗಿ ಕಳಿಸಿದರು. ಊರಿಗೆ ವಿದ್ಯುತ್ತೇ ಬಂದಿರಲಿಲ್ಲವಾಗಿ, ಹತ್ತಿರದ ತೊರೆಗೆ ಸಣ್ಣ ಜಲವಿದ್ಯುತ್ ಯಂತ್ರಗಳನ್ನು ಹೂಡಿ ಅವುಗಳಿಗೆ ಜೀವ ತುಂಬಲಾಯಿತು. ಮುಂದೆ ಬಿಡಿಭಾಗಗಳನ್ನು ಕೂಡಿಸಿ, ಮರದ ಪೆಟ್ಟಿಗೆಗಳಲ್ಲಿ ಅಳವಡಿಸಿ, ಇನ್ನಷ್ಟು ಯಂತ್ರಗಳನ್ನು ಸಿದ್ಧಪಡಿಸಲಾಯಿತು. ಮಕ್ಕಳು ಗಣಕಯಂತ್ರವನ್ನು ಮುಟ್ಟಿ ಕಲಿತರು.

ಆದರೂ ಆ ಯಂತ್ರಗಳು ಒಂಟಿಯಾಗಿದ್ದವು. ಹೊರಗಿನ ಲೋಕದೊಡನೆ ಅವುಗಳಿಗೆ ಮಾತಿರಲಿಲ್ಲ. ದೂರವಾಣಿಯ ತಂತಿ ಆ ಬೆಟ್ಟವನ್ನು ಏರಿರಲಿಲ್ಲ. ಏರುವ ಆಸೆಯೂ ಇರಲಿಲ್ಲ. ಉಪಗ್ರಹದ ಸಂಪರ್ಕ ಬಡ ಶಾಲೆಯ ಕೈಗೆಟುಕದ ಬೆಲೆಯದು. ಪುನ್ ಅವರು ತಮಗೆ ಬಂದ ಇ-ಮೇಲ್ ಓದಬೇಕಾದರೆ ಬೆಟ್ಟವಿಳಿದು ಪೋಖರಾ ನಗರಕ್ಕೆ ಹೋಗಬೇಕಾಗಿತ್ತು, ಅದೂ ತಿಂಗಳಿಗೊಮ್ಮೆ. ಮಿಂಚಿನ ವೇಗದಲ್ಲಿ ಭೂಮಂಡಲವನ್ನು ಸುತ್ತಿಬಂದ ಕಾಗದ ಕಡೆಯ ಕೆಲವು ಹರಿದಾರಿಗಳಲ್ಲಿ ಮನುಷ್ಯನ ಕಾಲಿಗಾಗಿ ಕಾಯುತ್ತಿತ್ತು.

ಇಲ್ಲಿ ನಿಸ್ತಂತು ಜಾಲದ ಹುಟ್ಟನ್ನು ಸಂಕ್ಷೇಪವಾಗಿ ನೆನೆಯುವುದು ಉಚಿತ. ಒಂದು ಕಟ್ಟಡದ ಅಥವಾ ಆವರಣದ ಗಣಕಯಂತ್ರಗಳನ್ನು ಒಂದಕ್ಕೊಂದು ಕೂಡಿಸಿದ ವ್ಯವಸ್ಥೆಗೆ ಸ್ಥಳೀಯ ಜಾಲವೆಂದು ಹೆಸರು. ತಂತಿಯ ಬದಲು ರೇಡಿಯೋ ಅಲೆಗಳ ಮೂಲಕ ಕೂಡಿಸಿದರೆ ಅದು ನಿಸ್ತಂತು ಜಾಲ. ಗಣಕಯಂತ್ರಗಳ ಮಾತನ್ನು ರೇಡಿಯೋ ಅಲೆಗಳಿಗೆ ಒಪ್ಪಿಸುವ ಪ್ರಯೋಗ 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ಅವರ ನೇತೃತ್ವದಲ್ಲಿ ಕಾರ್ಯರೂಪಕ್ಕೆ ಬಂದಿತು. ಸಮುದ್ರದ ನಡುವೆ ಚದುರಿದ ದ್ವೀಪಗಳಿಗೆ ತಂತಿ ಎಳೆಯುವುದು ಕಷ್ಟವೆಂಬುದೇ ಆ ಪ್ರಯತ್ನಕ್ಕೆ ಪ್ರೇರಣೆ. ಮಾತು ತಲುಪಿತೆಂಬ ಉತ್ತರ ಬಾರದಿದ್ದರೆ ತುಸು ಹೊತ್ತು ಸುಮ್ಮನಿದ್ದು ಮತ್ತೆ ಹೇಳಬೇಕು ಎಂಬ ಸರಳ ನಿಯಮವನ್ನು ಆ ಯಂತ್ರಗಳು ಪಾಲಿಸಿದವು. 1985ರಲ್ಲಿ ಅಮೆರಿಕ ಸರ್ಕಾರ ಕೆಲವು ರೇಡಿಯೋ ಪಟ್ಟಿಗಳನ್ನು ಪ್ರತ್ಯೇಕ ಪರವಾನಗಿಯಿಲ್ಲದೆ ಬಳಸಲು ಅವಕಾಶವಿತ್ತಿತು. 1997ರಲ್ಲಿ ನಿಸ್ತಂತು ಸ್ಥಳೀಯ ಜಾಲಕ್ಕೆ 802.11 ಎಂಬ ಸಾಮಾನ್ಯ ನಿಯಮಾವಳಿ ಸಿದ್ಧವಾಯಿತು. 1999ರಲ್ಲಿ ಸೆಕೆಂಡಿಗೆ 11 ಮೆಗಾಬಿಟ್ ವೇಗದ ಸುಧಾರಿತ ರೂಪ ಬಂದು, ವೈ-ಫೈ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಯಿತು. ಅಗ್ಗದ ಪುಟ್ಟ ಪೆಟ್ಟಿಗೆಗಳು ಅಂಗಡಿಗೆ ಬಂದವು. ಒಂದು ಮನೆ, ಒಂದು ಕಚೇರಿ, ಹೆಚ್ಚೆಂದರೆ ಒಂದು ಅಂಗಳ, ಇಷ್ಟೇ ಅವುಗಳ ವ್ಯಾಪ್ತಿಯೆಂದು ತಯಾರಕರು ಎಣಿಸಿದ್ದರು.

2001ರಲ್ಲಿ ಪುನ್ ಅವರು ತಮ್ಮ ಶಾಲೆಯ ಕಷ್ಟವನ್ನು ವಿವರಿಸಿ, ಯಾರಾದರೂ ಉಪಾಯ ಹೇಳಬಲ್ಲರೆ ಎಂದು ಕೇಳಿ ಬಿಬಿಸಿ ಸಂಸ್ಥೆಗೆ ಬರೆದರು. ಆ ಸಂಗತಿ ಪ್ರಕಟವಾಯಿತು. ಯೂರೋಪು, ಅಮೆರಿಕಗಳಿಂದ ಸ್ವಯಂಸೇವಕರು ಮುಂದೆ ಬಂದರು. ಅಂಗಳದ ವ್ಯಾಪ್ತಿಯ ಈ ಪುಟ್ಟ ಪೆಟ್ಟಿಗೆಗೆ ತಕ್ಕ ಆಂಟೆನಾ ಜೋಡಿಸಿದರೆ ಅದು ಕಣಿವೆಯನ್ನೇ ದಾಟಬಲ್ಲುದೆಂಬುದು ಅವರು ತಂದ ತಿಳಿವಳಿಕೆ. ದೀಪದ ಹಿಂದೆ ಕನ್ನಡಿಯಿಟ್ಟರೆ ಸುತ್ತಲೂ ಚೆಲ್ಲಿಹೋಗುವ ಬೆಳಕು ಒಂದೇ ದಿಕ್ಕಿಗೆ ಕೂಡಿ ದೂರ ಸಾಗುವಂತೆ, ತಟ್ಟೆಯಾಕಾರದ ಆಂಟೆನಾ ರೇಡಿಯೋ ಅಲೆಗಳನ್ನು ಒಂದೇ ಕಡೆಗೆ ಒಟ್ಟುಗೂಡಿಸಿ ಕಳಿಸುತ್ತದೆ. ದೂರದರ್ಶನಕ್ಕೆ ಬಳಸುವ ತಟ್ಟೆಗಳನ್ನೇ ತಂದು, ಗೋಪುರ ಕಟ್ಟಲು ಹಣವಿಲ್ಲದ್ದರಿಂದ ಮರಗಳಿಗೆ ಬಿಗಿದು, ನಾಂಗಿಗೂ ನೆರೆಯ ರಾಮ್ಚೆ ಗ್ರಾಮಕ್ಕೂ ಮೊದಲ ಸಂಪರ್ಕವನ್ನು ಸಾಧಿಸಲಾಯಿತು. ಮರವೇ ಗೋಪುರವಾಯಿತು; ಬಡತನ ಉಪಾಯವನ್ನು ಕಲಿಸಿತು.

ಆದರೆ ಆಂಟೆನಾ ಬಿಗಿದ ಮಾತ್ರಕ್ಕೆ ಜಾಲ ಹುಟ್ಟುವುದಿಲ್ಲ. ಈ ಅಲೆಗಳ ಆವೃತ್ತಿ 2.4 ಗಿಗಾಹರ್ಟ್ಸ್, ಒಂದೊಂದು ಅಲೆಯ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರ್, ಎಂದರೆ ಅರ್ಧ ಗೇಣು. ಇಷ್ಟು ಕಿರಿದಾದ ಅಲೆಗಳು ಬೆಟ್ಟವನ್ನು ಸುತ್ತಿ ಬರಲಾರವು, ಬಂಡೆಯನ್ನು ತೂರಲಾರವು. ಎಲೆಗಳೂ, ಅದರಲ್ಲೂ ಮಳೆಯಲ್ಲಿ ನೆನೆದ ಎಲೆಗಳು, ಅವುಗಳ ಶಕ್ತಿಯನ್ನು ಹೀರಿಬಿಡುತ್ತವೆ. ಆದ್ದರಿಂದ ಒಂದು ಆಂಟೆನಾದಿಂದ ಇನ್ನೊಂದು ಆಂಟೆನಾ ಕಣ್ಣಿಗೆ ಕಾಣುವಂತಿರಬೇಕೆಂಬುದು ಮೊದಲ ನಿಯಮ. ಅದೂ ಸಾಲದು. ಅಲೆಗಳು ಎಳೆದ ದಾರದಂತೆ ಸಾಗದೆ, ನಡುವೆ ಉಬ್ಬಿದ ಕದಿರಿನ ಆಕಾರದಲ್ಲಿ ಹರಡಿಕೊಂಡು ಸಾಗುತ್ತವೆ. ಮೂವತ್ತು ಕಿಲೋಮೀಟರ್ ಅಂತರದ ಸಂಪರ್ಕದಲ್ಲಿ ಈ ಉಬ್ಬು ನಟ್ಟನಡುವೆ ಸುಮಾರು 30 ಮೀಟರ್ ತ್ರಿಜ್ಯದಷ್ಟಿರುತ್ತದೆ. ನೋಟಕ್ಕೆ ದಾರಿ ತೆರವಾಗಿದ್ದರೂ ಆ ಉಬ್ಬಿನೊಳಗೆ ಗುಡ್ಡದ ನೆತ್ತಿಯೋ ಕಾಡಿನ ತಲೆಯೋ ಬಹಳಷ್ಟು ಚಾಚಿಕೊಂಡಿದ್ದರೆ ಸಂಪರ್ಕ ಸೊರಗುತ್ತದೆ.

ಪೋಖರಾದಿಂದ ನಾಂಗಿ ಕಾಣುವುದಿಲ್ಲ, ನಡುವೆ ಬೆಟ್ಟಗಳಿವೆ. ಎರಡು ಕಡೆಗೂ ಕಾಣುವ ಎತ್ತರದ ಸ್ಥಳವನ್ನು ಹುಡುಕಿ ಅಲ್ಲಿ ಮರುಪ್ರಸಾರದ ನೆಲೆಯನ್ನು ಕಟ್ಟಬೇಕಾಯಿತು. ಮೂರು ಸಾವಿರ ಮೀಟರಿಗೂ ಎತ್ತರವಾದ ಮೋಹರೆ ಡಾಂಡಾ ಎಂಬ ಶಿಖರ ಅಂಥ ನೆಲೆಯಾಯಿತು. ವಿದ್ಯುತ್ತಾಗಲಿ ರಸ್ತೆಯಾಗಲಿ ಇಲ್ಲದ ಎತ್ತರ ಅದು. ಬ್ಯಾಟರಿ, ಸೌರಫಲಕ, ಕಂಬ, ತಟ್ಟೆ ಎಲ್ಲವೂ ಮನುಷ್ಯರ ಬೆನ್ನೇರಿ ಅಲ್ಲಿಗೆ ಹೋಗಬೇಕಾಗಿತ್ತು. ತಂತಿಯಿಲ್ಲದ ಜಾಲವೆಂದು ಲೋಕ ಕರೆಯುವುದನ್ನು ಅಲ್ಲಿಯವರು ಬೆವರಿನಿಂದ ನೇಯ್ದರು.

ಸಲಕರಣೆ ಶಿಖರ ಸೇರಿದ ಮೇಲೆ ಅದನ್ನು ಹೊಂದಿಸುವ ನಾಜೂಕಿನ ಕೆಲಸ ಉಳಿಯುತ್ತದೆ. ತಟ್ಟೆಯಿಂದ ಹೊರಡುವ ಅಲೆಗಳ ಹರಹು ಕೆಲವೇ ಡಿಗ್ರಿಗಳಷ್ಟು. ಒಂದು ತುದಿಯಲ್ಲಿ ಒಬ್ಬನು ಆಂಟೆನಾವನ್ನು ಕೂದಲೆಳೆಯಷ್ಟು ತಿರುಗಿಸಿ ನಿಲ್ಲಿಸಬೇಕು. ಅದರ ಪರಿಣಾಮ ಎಷ್ಟೆಂಬುದನ್ನು ಅಂಕಿಗಳಲ್ಲಿ ಓದಿ ಮತ್ತೆ ತಿರುಗಿಸಬೇಕು. ಅದು ಮುಗಿದ ಬಳಿಕ ಇನ್ನೊಂದು ತುದಿಯವನ ಸರದಿ. ಒಂದು ಆಂಟೆನಾ ಅಲೆಗಳನ್ನು ಲಂಬವಾಗಿ ಕಳಿಸಿದರೆ ಇನ್ನೊಂದೂ ಲಂಬವಾಗಿಯೇ ಸ್ವೀಕರಿಸುವಂತೆ ನಿಂತಿರಬೇಕು. ಎರಡೂ ಪೆಟ್ಟಿಗೆಗಳು ಒಂದೇ ಚಾನೆಲಿಗೆ ಹೊಂದಿರಬೇಕು.

ಅಷ್ಟೇ ಅಲ್ಲ, ದೂರ ಎಷ್ಟೆಂಬುದನ್ನೂ ಯಂತ್ರಕ್ಕೆ ತಿಳಿಸಬೇಕಾಗುತ್ತದೆ. ಮಾತನ್ನು ಕಳಿಸಿದ ಯಂತ್ರ, ಅದು ಮುಟ್ಟಿತೆಂಬ ಉತ್ತರಕ್ಕಾಗಿ ಕ್ಷಣಮಾತ್ರ ಕಾಯುತ್ತದೆ. ಉತ್ತರ ಬಾರದಿದ್ದರೆ ಮಾತು ಕಳೆದುಹೋಯಿತೆಂದು ಬಗೆದು ಮತ್ತೆ ಕಳಿಸುತ್ತದೆ. ಮನೆಯೊಳಗಿನ ಬಳಕೆಗೆಂದು ಮಾಡಿದ ಯಂತ್ರದ ತಾಳ್ಮೆ ಒಂದು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಕೆಲವು ಹತ್ತುಗಳಷ್ಟು ಮಾತ್ರ. ಮೂವತ್ತು ಕಿಲೋಮೀಟರ್ ಹೋಗಿ ಬರಲು ಬೆಳಕಿನ ವೇಗದ ಅಲೆಗೂ ಅಂಥ ಇನ್ನೂರು ಭಾಗಗಳಷ್ಟು ಕಾಲ ಹಿಡಿಯುತ್ತದೆ. ಕಾಯುವ ಅವಧಿಯನ್ನು ಹೆಚ್ಚಿಸದಿದ್ದರೆ ಉತ್ತರ ದಾರಿಯಲ್ಲಿರುವಾಗಲೇ ಯಂತ್ರ ನಿರಾಶೆಗೊಂಡು ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತ ಜಾಲವನ್ನೇ ಕದಡಿಬಿಡುತ್ತದೆ. ದೂರದ ವಿದ್ಯಾರ್ಥಿಯ ಉತ್ತರಕ್ಕಾಗಿ ತುಸು ಹೆಚ್ಚು ಕಾಯಬೇಕೆಂಬುದು ಅಧ್ಯಾಪಕರಿಗೆ ಹೊಸ ಮಾತಲ್ಲ. ಯಂತ್ರಕ್ಕೂ ಅದನ್ನು ಹೇಳಿಕೊಡಬೇಕು.

ಕಾಲವೂ ಅನುಕೂಲವಾಗಿರಲಿಲ್ಲ. 1996ರಿಂದ 2006ರ ವರೆಗೆ ನೇಪಾಳ ಅಂತರ್ಯುದ್ಧದಲ್ಲಿ ಬೇಯುತ್ತಿತ್ತು. ರೇಡಿಯೋ ಸಲಕರಣೆಯನ್ನು ಹೊತ್ತು ಬೆಟ್ಟವೇರುವವನ ಮೇಲೆ ಸೈನಿಕರಿಗೂ ಸಂಶಯ, ಬಂಡಾಯಗಾರರಿಗೂ ಸಂಶಯ. ಇಂಥ ಸಲಕರಣೆಗಳನ್ನು ದೇಶದೊಳಗೆ ತರುವುದಕ್ಕೆ ನಿರ್ಬಂಧವಿತ್ತು; ಅವು ಸ್ವಯಂಸೇವಕರ ಗಂಟುಮೂಟೆಗಳಲ್ಲಿ ಅಡಗಿ ಬಂದವು. ಕಾನೂನಿನ ಕಣ್ಣಿಗೆ ಇದು ಸರಿಯೆ ಎಂಬ ಪ್ರಶ್ನೆ ಏಳುವುದು ಸಹಜ. ಶಾಲೆಯ ಮಕ್ಕಳಿಗೆ ಲೋಕದ ಬಾಗಿಲು ತೆರೆಯುವುದೇ ಅಪರಾಧವಾಗುವಂಥ ಕಾಲ ಬಂದರೆ ಅಧ್ಯಾಪಕನಾದವನು ಏನು ಮಾಡಬೇಕು ಎಂಬ ಪ್ರಶ್ನೆಯೂ ಅಷ್ಟೇ ಸಹಜವಾದುದು. ಪುನ್ ಅವರು ಎರಡನೆಯ ಪ್ರಶ್ನೆಗೆ ತಮ್ಮ ನಡತೆಯಿಂದ ಉತ್ತರ ಕೊಟ್ಟರು. ಅದಕ್ಕೆ ತಗಲುವ ಅಪಾಯವನ್ನು ಬೇರೆಯವರ ಮೇಲೆ ಹೊರಿಸದೆ ತಾವೇ ಹೊತ್ತರು.

2003ರ ಹೊತ್ತಿಗೆ ನಾಂಗಿಯ ಶಾಲೆ ಪೋಖರಾದ ಮೂಲಕ ಜಗತ್ತಿನ ಜಾಲಕ್ಕೆ ಸೇರಿತು. ತಿಂಗಳ ದಾರಿ ಕ್ಷಣದ ದಾರಿಯಾಯಿತು.

ಶಿಖರಗಳನ್ನು ದಾಟಿ ಬಂದ ಸಂಪರ್ಕವನ್ನು ಶಾಲೆಯ ಕೊಠಡಿಗಳಿಗೆ ಹಂಚುವುದು ನಿಜವಾದ ಅರ್ಥದಲ್ಲಿ ಸ್ಥಳೀಯ ಜಾಲದ ಕೆಲಸ. ಅದು ಬೆಟ್ಟದ ಶಾಲೆಗೂ ಬಯಲಿನ ಶಾಲೆಗೂ ಒಂದೇ. ಅಲೆಗಳನ್ನು ಹಂಚುವ ಪೆಟ್ಟಿಗೆಗೆ ಆಕ್ಸೆಸ್ ಪಾಯಿಂಟ್ ಎಂದು ಹೆಸರು. ಅದನ್ನು ಬಳಕೆಯ ಕೊಠಡಿಗಳ ನಡುವೆ, ತಲೆಯೆತ್ತರಕ್ಕಿಂತ ಮೇಲೆ ಇಡಬೇಕು. ಕಳ್ಳರ ಭಯದಿಂದ ಉಕ್ಕಿನ ಬೀರುವಿನೊಳಗಿಟ್ಟು ಬೀಗ ಹಾಕಿದರೆ ಅಲೆಗಳಿಗೂ ಬೀಗ ಬಿದ್ದಂತೆಯೇ. ಒಂದೇ ಕಟ್ಟಡದಲ್ಲಿ ಅಂಥ ಮೂರು ಪೆಟ್ಟಿಗೆಗಳಿದ್ದರೆ ಅವುಗಳನ್ನು ಒಂದು, ಆರು, ಹನ್ನೊಂದು ಎಂಬ ಚಾನೆಲುಗಳಿಗೆ ಬೇರೆಬೇರೆಯಾಗಿ ಹೊಂದಿಸುವುದು ಲೇಸು, 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮಾತು ಇನ್ನೊಂದರ ಮೇಲೆ ಬೀಳದಂತೆ ಮೂರಕ್ಕೂ ಎಡೆ ದೊರೆಯುವುದು ಹೀಗೆ. ಜಾಲಕ್ಕೆ ಸೇರಿದ ಪ್ರತಿ ಯಂತ್ರಕ್ಕೂ ಪ್ರತ್ಯೇಕವಾದ ಐಪಿ ವಿಳಾಸ ಬೇಕು. ಒಂದೇ ಮನೆ ಸಂಖ್ಯೆಯುಳ್ಳ ಎರಡು ಮನೆಗಳಿದ್ದರೆ ಅಂಚೆಯವನಿಗೆ ದಿಕ್ಕು ತಪ್ಪುವಂತೆ, ಒಂದೇ ವಿಳಾಸ ಎರಡು ಯಂತ್ರಗಳಿಗೆ ಬಿದ್ದರೆ ಎರಡೂ ತೊಡಕಿಗೆ ಸಿಲುಕುತ್ತವೆ. ಬಂದ ಬಂದ ಯಂತ್ರಕ್ಕೆ ತಾನಾಗಿಯೇ ಬಿಡುವಿನ ವಿಳಾಸವನ್ನು ಕೊಡುವ ಹೊಣೆಯನ್ನು ರೂಟರಿಗೆ, ಅದೂ ಒಂದೇ ರೂಟರಿಗೆ, ಒಪ್ಪಿಸಿದರೆ ಈ ಗೊಂದಲ ತಪ್ಪುತ್ತದೆ.

ಎಲ್ಲಕ್ಕಿಂತ ಮಿಗಿಲಾದುದು ಬೀಗದ ವಿಚಾರ. ಗಾಳಿಯಲ್ಲಿ ಹರಿಯುವ ಮಾತನ್ನು ಯಾರೂ ಕದ್ದು ಕೇಳಬಹುದು. ನಿಯಮಾವಳಿಯೊಡನೆ ಬಂದ ಮೊದಲ ಗುಪ್ತಲಿಪಿಯಾದ ಡಬ್ಲ್ಯೂಇಪಿ 2001ರ ಹೊತ್ತಿಗೇ ದುರ್ಬಲವೆಂದು ಸಿದ್ಧವಾಯಿತು. ಅದರ ಸ್ಥಾನಕ್ಕೆ ಬಲವಾದ ಡಬ್ಲ್ಯೂಪಿಎ-2 ಎಂಬುದು 2004ರಲ್ಲೂ, ಡಬ್ಲ್ಯೂಪಿಎ-3 ಎಂಬುದು 2018ರಲ್ಲೂ ಬಂದವು. ಬೀಗ ಎಷ್ಟು ಗಟ್ಟಿಯಾದರೇನು, ಬೀಗದ ಕೈಯನ್ನು ಬಾಗಿಲಲ್ಲೇ ತೂಗುಹಾಕಿದರೆ ಫಲವಿಲ್ಲ. ತಯಾರಕರು ಇಟ್ಟುಕೊಟ್ಟ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸುವುದು, ಉದ್ದವಾದ, ಊಹೆಗೆ ನಿಲುಕದ ಪದಗಳನ್ನು ಆರಿಸುವುದು, ಕಚೇರಿಯ ಲೆಕ್ಕಪತ್ರಗಳಿರುವ ಜಾಲವನ್ನು ವಿದ್ಯಾರ್ಥಿಗಳ ಜಾಲದಿಂದ ಬೇರ್ಪಡಿಸುವುದು, ಇವು ವಿದ್ಯಾಸಂಸ್ಥೆಗಳು ಮರೆಯಬಾರದ ವಿಧಿಗಳು.

ನಾಂಗಿಯಿಂದ ಜಾಲ ನೆರೆಯ ಗ್ರಾಮಗಳಿಗೆ ಹಬ್ಬಿತು. 2007ರ ಹೊತ್ತಿಗೆ ಹನ್ನೆರಡು ಹಳ್ಳಿಗಳು ಅದಕ್ಕೆ ಸೇರಿದ್ದವು. ಒಂದು ಶಾಲೆಯ ಅಧ್ಯಾಪಕರ ಪಾಠವನ್ನು ಉಪಾಧ್ಯಾಯರ ಕೊರತೆಯಿರುವ ಇನ್ನೊಂದು ಶಾಲೆಯ ಮಕ್ಕಳೂ ಕಂಡು ಕೇಳುವುದು ಸಾಧ್ಯವಾಯಿತು. ಹಳ್ಳಿಯ ಆರೋಗ್ಯ ಕಾರ್ಯಕರ್ತೆ ಪೋಖರಾದ ಆಸ್ಪತ್ರೆಯ ವೈದ್ಯರನ್ನು ಸಂಪರ್ಕಿಸಿ ರೋಗಿಯ ಸ್ಥಿತಿಯನ್ನು ವಿವರಿಸಿ ಸಲಹೆ ಪಡೆಯತೊಡಗಿದಳು. ಎತ್ತರದ ಹುಲ್ಲುಗಾವಲುಗಳಲ್ಲಿ ಯಾಕ್ ಕಾಯುವವರು ಕೆಳಗಿನ ವ್ಯಾಪಾರಿಗಳೊಡನೆ, ಮನೆಯವರೊಡನೆ ಮಾತನಾಡಿದರು. ಗ್ರಾಮೀಣ ನೇಪಾಳದ ಬದುಕಿಗೆ ಈ ತಂತ್ರವನ್ನು ಹೊಂದಿಸಿದ್ದಕ್ಕಾಗಿ ಪುನ್ ಅವರಿಗೆ 2007ರಲ್ಲಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. 2014ರಲ್ಲಿ ಇಂಟರ್‌ನೆಟ್ ಹಾಲ್ ಆಫ್ ಫೇಮ್ ಎಂಬ ಗೌರವ ಪಟ್ಟಿಗೆ ಅವರ ಹೆಸರು ಸೇರಿತು.

ಪ್ರಶಸ್ತಿಗಳಿಗಿಂತಲೂ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಹೊರಗಿನಿಂದ ಬಂದ ಸ್ವಯಂಸೇವಕರು ಎಂದಾದರೊಂದು ದಿನ ಹಿಂದಿರುಗಲೇಬೇಕು. ಸಿಡಿಲು, ಹಿಮ, ಗಾಳಿಗಳು ಹಿಂದಿರುಗುವುದಿಲ್ಲ. ಅವು ಶಿಖರದಲ್ಲಿಯೇ ಇರುತ್ತವೆ. ಬ್ಯಾಟರಿಗೆ ಆಯಸ್ಸು ಕೆಲವೇ ವರ್ಷ. ಸೌರಫಲಕದ ಮೇಲಿನ ಧೂಳನ್ನು, ಹಿಮವನ್ನು ಒರೆಸಬೇಕು. ಭೂಸಂಪರ್ಕದ ತಂತಿ ತುಕ್ಕು ಹಿಡಿದಿದೆಯೆ ಎಂದು ನೋಡಬೇಕು. ಕಣಿವೆಯಲ್ಲಿ ಬೆಳೆದ ಕೊಂಬೆ ನೋಟಕ್ಕೆ ಅಡ್ಡ ಬಂದಿದೆಯೆ ಎಂದು ಪರೀಕ್ಷಿಸಬೇಕು. ಇದನ್ನರಿತು ಅಲ್ಲಿ ಊರಿನ ಯುವಕರಿಗೇ ಈ ವಿದ್ಯೆಯನ್ನು ಕಲಿಸಲಾಯಿತು. ಶಾಲೆಯ ವೆಚ್ಚಕ್ಕಾಗಿ ಪ್ರತಿವರ್ಷ ಕೈಚಾಚುವುದರ ಬದಲು ಕೈಕಾಗದದ ತಯಾರಿಕೆ, ಜಾಮ್ ತಯಾರಿಕೆ, ಯಾಕ್ ಸಾಕಣೆ, ಚಾರಣಿಗರಿಗೆ ಬಿಡಾರ, ಇಂಥ ಸಣ್ಣ ಉದ್ಯಮಗಳನ್ನು ಊರವರು ಕೈಗೊಂಡರು. ಮರುಪ್ರಸಾರದ ನೆಲೆಯಾದ ಅದೇ ಮೋಹರೆ ಡಾಂಡಾದಲ್ಲಿ ಊರವರೇ ನಡೆಸುವ ಯಾತ್ರಿಕರ ತಂಗುದಾಣವೂ ಎದ್ದು, ಅದರ ಆದಾಯದಲ್ಲಿ ಶಾಲೆಗಳಿಗೂ ಪಾಲು ದೊರೆಯುವ ಏರ್ಪಾಡಾಯಿತು.

ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿಯೇ ಪರವಾನಗಿಯ ಕಟ್ಟಿನಿಂದ ಬಿಡಿಸಲಾಯಿತು. 2018ರಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ ವಿಶಾಲ ಭಾಗವೂ ತೆರೆಯಿತು. ಗೊತ್ತುಪಡಿಸಿದ ಶಕ್ತಿಯ ಮಿತಿಯೊಳಗೆ, ಕರ್ನಾಟಕದ ಹಳ್ಳಿಯ ಶಾಲೆಯೊಂದು ತನ್ನ ಆವರಣದಲ್ಲಿ ನಿಸ್ತಂತು ಜಾಲವನ್ನು ಹೂಡಲು ರೇಡಿಯೋ ಪರವಾನಗಿಗಾಗಿ ಅಲೆಯಬೇಕಾಗಿಲ್ಲ, ಸಲಕರಣೆಯನ್ನು ಗಂಟಿನಲ್ಲಿ ಬಚ್ಚಿಟ್ಟು ತರಬೇಕಾಗಿಲ್ಲ. ನಾಂಗಿಯ ಅಧ್ಯಾಪಕರಿಗೆ ದುರ್ಲಭವಾಗಿದ್ದ ಸೌಕರ್ಯ ಇಲ್ಲಿ ಸುಲಭವಾಗಿದೆ. ಸುಲಭವಾಗಿ ದೊರೆತುದು ಸುಲಭವಾಗಿಯೇ ಕೆಡುವ ಅಪಾಯವೂ ಉಂಟು. ಉದ್ಘಾಟನೆಯ ದಿನ ಹೂಮಾಲೆ ಧರಿಸಿದ ಪೆಟ್ಟಿಗೆ ಮರುವರ್ಷ ಧೂಳು ಧರಿಸಿ ಕುಳಿತಿರುವುದು ಎಲ್ಲಿಯೂ ಅಪೂರ್ವದ ನೋಟವಲ್ಲ.

ಯಂತ್ರವನ್ನು ಕೊಡಿಸುವ ದಾನ ದೊಡ್ಡದು. ಅದರ ಮೇಲೆ ದಾನಿಯ ಹೆಸರನ್ನು ಬರೆಸಲು ಸ್ಥಳವೂ ಇರುತ್ತದೆ. ಮೂರು ವರ್ಷಗಳ ಅನಂತರ ಅದರ ಬ್ಯಾಟರಿಯನ್ನು ಬದಲಿಸುವ ದಾನ, ಅದನ್ನು ನೋಡಿಕೊಳ್ಳಬಲ್ಲ ಇಬ್ಬರು ಹುಡುಗಿಯರಿಗೂ ಇಬ್ಬರು ಹುಡುಗರಿಗೂ ವಿದ್ಯೆ ಕಲಿಸುವ ದಾನ, ಇವುಗಳ ಮೇಲೆ ಯಾವ ಹೆಸರನ್ನೂ ಕೆತ್ತಿಸಲಾಗದು. ಆದರೂ ಜಾಲ ಬದುಕುವುದು ಈ ದಾನದಿಂದಲೇ. ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಬಂದು ಏಣಿ ಹತ್ತಿ ಆಂಟೆನಾವನ್ನು ಪರೀಕ್ಷಿಸಿದರೆ, ಅಧ್ಯಾಪಕರು ಅದರ ಗುಟ್ಟನ್ನು ತಮ್ಮಲ್ಲೇ ಇಟ್ಟುಕೊಳ್ಳದೆ ಕಿರಿಯರಿಗೆ ತಿಳಿಸಿಕೊಟ್ಟರೆ, ದಾನಿಗಳು ಸ್ಥಾಪನೆಯಷ್ಟೇ ಶ್ರದ್ಧೆಯಿಂದ ಪಾಲನೆಯನ್ನೂ ನೆನೆದರೆ, ಯಾವ ಶಾಲೆಯೂ ಜಗತ್ತಿನಿಂದ ದೂರವಿರಲಾರದು. ಕಣ್ಣಿಗೆ ಕಾಣದ ಅಲೆಗಳ ಸೇತುವೆಯನ್ನು ನಿಲ್ಲಿಸುವುದು ಕಣ್ಣಿಗೆ ಕಾಣುವ ಕೈಗಳೇ. ಆ ಕೈಗಳು ಪ್ರತಿ ಶಾಲೆಗೂ ಒದಗಲಿ.